ತೆಂಗಿನೆಣ್ಣೆ ಕುಡಿದ ಪೆಡಲು

ಸಂಸಾರದಲ್ಲಿ ಬಿಗಿದುಕೊಂಡದ್ದೆಲ್ಲ ತಾಳ್ಮೆಯಿಂದ ಸಡಿಲಾಗುತ್ತದೆ ಎಂದು ಹಿರಿಯರು ಹೇಳಿದ್ದಾರೆ. ಆ ಹಿರಿಯರಲ್ಲಿ ಒಬ್ಬರಾದರೂ ಪಿಕಪ್ ಲಾರಿ ಇಟ್ಟುಕೊಂಡಿರಲಿಲ್ಲ.

ದೇಲಂಪಾಡಿಯ ನನ್ನ ಭಾವ ಸಂಕಪ್ಪನವರು (ಹೆಂಡತಿಯ ಅಣ್ಣ) ಇಟ್ಟುಕೊಂಡಿದ್ದಾರೆ. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಬೇಡವೆಂದು ಹರಾಜು ಹಾಕಿದ ಗಾಡಿ. ಜರ್ಮನಿಯವರನ್ನು ಸೋಲಿಸಿ ಬಂದದ್ದು ಎಂದು ಭಾವ ಹೇಳುತ್ತಾರೆ. ಹೇಗೆ ಸೋಲಿಸಿತೋ! ಅದರ ಎಕ್ಸಿಲೇಟರ್ ಪೆಡಲು ತುಳಿಯಬೇಕಾದರೆ ಬಲಗಾಲಿನ ಮೇಲೆ ಅರ್ಧ ಎದ್ದು ನಿಲ್ಲಬೇಕು. ಭಾವ ಗಾಡಿ ಬಿಡುವುದನ್ನು ದೂರದಿಂದ ಕಂಡವರು ಏತ ತುಳಿಯುತ್ತಿದ್ದಾರೆ ಎಂದುಕೊಳ್ಳಬೇಕು.

ಇಷ್ಟು ದಿನ ಅದು ಹಾಗೆಯೇ ನಡೆದಿತ್ತು. ಕಳೆದ ವಾರ ಮಾತ್ರ ಅದನ್ನು ಸರಿಮಾಡುವ ಅಗತ್ಯ ಬಿತ್ತು.

ನನ್ನ ಅತ್ತೆಗೆ, ಅಂದರೆ ಭಾವನ ತಾಯಿಗೆ, ಒಬ್ಬರು ಅಕ್ಕ ಇದ್ದಾರೆ. ಬಾಯಾರಿನ ಕಲ್ಯಾಣಿ ದೊಡ್ಡಮ್ಮ. ಇಬ್ಬರೂ ಮಾತು ಬಿಟ್ಟು ಎಷ್ಟೋ ವರ್ಷವಾಯಿತು. ಕಾರಣವೇನು? ಆಸ್ತಿಯಲ್ಲ, ಮದುವೆಗೆ ಕರೆಯುವ ಹೇಳಿಕೆ. ದೊಡ್ಡಮ್ಮನ ಮಗಳ ಮದುವೆಗೆ ಮನೆಯವರೇ ಬಂದು, ಚಾವಡಿಯಲ್ಲಿ ಕೂತು, ನೀರು ಬೆಲ್ಲ ತೆಗೆದುಕೊಂಡು ಕರೆಯಬೇಕಿತ್ತು. ಗಡಿಬಿಡಿಯಲ್ಲಿ ದೊಡ್ಡಮ್ಮ ಈ ಕಡೆಗೆ ಬರುತ್ತಿದ್ದ ಯಾರೋ ಒಬ್ಬನ ಹತ್ತಿರ ಹೇಳಿ ಕಳಿಸಿದರು.

"ಕಂಡವರ ಬಾಯಿಯ ಹೇಳಿಕೆಗೆ ಹೋಗಲಿಕ್ಕೆ ನಾನು ಎಂತ, ದಾರಿಯಲ್ಲಿ ಸಿಕ್ಕಿದವಳಾ?" ಎಂದರು ಅತ್ತೆ. ಮದುವೆಗೆ ಹೋಗಲಿಲ್ಲ. ಆ ಮಗಳಿಗೆ ಈಗ ನಾಲ್ಕು ಮಕ್ಕಳು.

ಕಳೆದ ವಾರ ದೊಡ್ಡಮ್ಮನ ಮಗ ಸ್ವತಃ ಬಂದ. ಚಾವಡಿಯಲ್ಲಿ ಕೂತ. ಬೆಲ್ಲ ತಿಂದ. "ಚಿಕ್ಕಮ್ಮ, ನಾನು ಅಮ್ಮನನ್ನು ಬೊಂಬಾಯಿಗೆ ಕರಕೊಂಡು ಹೋಗುವವ. ಇನ್ನು ಅಲ್ಲಿಯೇ. ನಾಡಿದ್ದು ಮಂಜೇಶ್ವರದಲ್ಲಿ ಬೆಳಗ್ಗಿನ ರೈಲು ಹತ್ತಿ ಮಂಗಳೂರು, ಅಲ್ಲಿ ಇಳಿದ ಕೂಡಲೇ ಹಡಗು. ಅಮ್ಮ ಸ್ಟೇಷನ್ನಿನ ಹತ್ತಿರ ಹೊಸಂಗಡಿಯಲ್ಲಿ ಬೇಗ ಬಂದು ಕೂತುಕೊಳ್ಳುತ್ತಾರಂತೆ. ನೀವು ಬಂದರೆ ನೋಡಿಕೊಂಡು ಹೋಗುವುದಂತೆ."

"ಅವಳಿಗೆ ಹಡಗಿನಲ್ಲಿ ತಲೆ ತಿರುಗುತ್ತದೆ. ಲಿಂಬೆ ಕೊಡು," ಎಂದರು ಅತ್ತೆ. ಅದು ಒಪ್ಪಿಗೆ ಎಂದು ನಮಗೆಲ್ಲ ಅರ್ಥವಾಯಿತು.

ನಮ್ಮ ಕಡೆಯ ಬಸ್ಸು ನಂಬಿದರೆ ನಾವು ಹೊಸಂಗಡಿ ಕಾಣುವಾಗ ರೈಲು ಮಂಗಳೂರು ಕಂಡಿರುತ್ತದೆ. ಪಿಕಪ್ಪೇ ಗತಿ. ಅದೂ ಬೆಳಕು ಹರಿಯುವ ಹೊತ್ತಿಗೆ ಹೊರಡಬೇಕು. ಅಷ್ಟು ದೂರ ಈ ಪೆಡಲನ್ನು ತುಳಿಯುವುದು ಹೇಗೆ?

"ಕಾಸರಗೋಡಿಗೆ ಕೊಂಡುಹೋಗಿ ಗ್ರೀಸು ಹಾಕಿಸುವ," ಎಂದೆ.

"ಅದಕ್ಕೆ ಕಾಸರಗೋಡು ಯಾಕೆ ಭಾವ? ಮನೆಯಲ್ಲಿ ಎಣ್ಣೆ ಇಲ್ಲವಾ?" ಎಂದರು ಸಂಕಪ್ಪ ಭಾವ.

ನಮ್ಮ ಸೀಮೆಯಲ್ಲಿ ಯಾರ ಮನೆಯಲ್ಲಿ ಇಲ್ಲ? ಬಾಗಿಲು ಕಿರುಗುಟ್ಟಿದರೆ ತೆಂಗಿನೆಣ್ಣೆ. ಬೀಗ ತಿರುಗದಿದ್ದರೆ ತೆಂಗಿನೆಣ್ಣೆ. ಮಂಡಿ ಹಿಡಿದುಕೊಂಡರೆ, ಮಗು ರಚ್ಚೆ ಹಿಡಿದರೆ, ಉಂಗುರ ಬೆರಳಿನಲ್ಲಿ ಸಿಕ್ಕಿಕೊಂಡರೆ ತೆಂಗಿನೆಣ್ಣೆ. ಜರ್ಮನಿ ಗೆದ್ದು ಬಂದ ಗಾಡಿಯಾದರೇನು, ಅದಕ್ಕೆ ಬೇರೆ ಶಾಸ್ತ್ರವುಂಟೇ?

ಹೊರಡುವ ಹಿಂದಿನ ದಿನ ಮಧ್ಯಾಹ್ನದ ಬಿಸಿಲಿನಲ್ಲಿ ಚಿಕಿತ್ಸೆ ನಡೆಯಿತು. ಪೆಡಲಿನ ಬುಡದಲ್ಲಿ, ಅದರ ಸರಳು ತೂರಿಹೋಗುವ ತೂತಿನಲ್ಲಿ, ಕೆಂಪು ಮಣ್ಣು ತುಕ್ಕಿನೊಡನೆ ಸೇರಿ ಇಟ್ಟಿಗೆಯಾಗಿತ್ತು. ಭಾವ ಅದರ ಮೇಲೆಯೇ ಧಾರಾಳವಾಗಿ ಎಣ್ಣೆ ಹೊಯ್ದರು. ನಾನು ಬಾಟಲಿಯ ಬಿರಟೆ ಹಿಡಿದುಕೊಂಡು ನಿಂತಿದ್ದೆ. (ದೊಡ್ಡ ಕೆಲಸಗಳಲ್ಲಿ ನನಗೆ ಸಿಗುವ ಪಾತ್ರ ಸಾಧಾರಣ ಇಂಥದ್ದೇ.) ಸಂಜೆಗೆ ಪೆಡಲು ಬೆರಳಿನಲ್ಲಿ ಒತ್ತಿದರೂ ಇಳಿಯಿತು.

"ಹೂವು ಮಾರಾಯ್ರೆ, ಹೂವು!" ಎಂದು ಭಾವ ಅಂಗಳವಿಡೀ ಕೇಳುವಂತೆ ಕೂಗಿದರು.

ಮರುದಿನ ಬೆಳಗ್ಗೆ ಅತ್ತೆ ಎಲ್ಲರಿಗಿಂತ ಮೊದಲು ತಯಾರು. ಪೆಟ್ಟಿಗೆಯ ಅಡಿಯಲ್ಲಿದ್ದ ಸೀರೆ ಉಟ್ಟಿದ್ದರು. ಮುಂದಿನ ಸೀಟಿನಲ್ಲಿ, ತೊಡೆಯ ಮೇಲೆ ಹಪ್ಪಳದ ಗಂಟು. ಭಾವ ಇಂಜಿನ್ ಸ್ಟಾರ್ಟ್ ಮಾಡಿದರು. ಪೆಡಲು ಒತ್ತಿದರು.

ಇಳಿಯಲಿಲ್ಲ.

ಒಂದು ಕಾಲಿನಲ್ಲಿ ಆಗಲಿಲ್ಲ. ಎರಡೂ ಕಾಲು ಕೊಟ್ಟರು. ಆಗ ಇಳಿಯಿತು. ಇಳಿದದ್ದು ಮೇಲೆ ಬರಲಿಲ್ಲ. ಗಾಡಿ ನಿಂತಲ್ಲೇ ಹುಲಿಯಂತೆ ಗರ್ಜಿಸಿತು. ಕೋಳಿಗಳು ಮರ ಹತ್ತಿದವು. ಭಾವ ಸ್ವಿಚ್ ಆರಿಸಿ ಬೆವರು ಒರಸಿಕೊಂಡರು.

"ಇದು ಯಾರಿಗೆ ಬೈದದ್ದು, ನನಗಾ?" ಎಂದು ಅತ್ತೆ ಶಾಂತವಾಗಿ ಕೇಳಿದರು.

"ಎಣ್ಣೆ ಸಾಕಾಗಲಿಲ್ಲ," ಎಂದು ಭಾವ ತೀರ್ಪು ಕೊಟ್ಟರು.

ನನ್ನ ಹೆಂಡತಿ ಬಾಟಲಿ ತಂದಳು. ಬಗ್ಗಿಸಿದರೆ ಒಂದು ಹನಿ ಬೀಳಲಿಲ್ಲ. ಧನು ತಿಂಗಳ ಚಳಿಗೆ ಎಣ್ಣೆ ಬೆಳ್ಳಗೆ ಹೆಪ್ಪುಗಟ್ಟಿ ಕೂತಿತ್ತು. ಅವಳು ಬಚ್ಚಲೊಲೆಗೆ ಹಿಡಿದು ಕರಗಿಸಿ ತಂದಳು. ಕರಗಿದ್ದನ್ನು ನಾವು ಭಕ್ತಿಯಿಂದ ಪೆಡಲಿಗೆ ಹೊಯ್ದೆವು.

ಬಾಟಲಿಯಲ್ಲಿ ಹೆಪ್ಪುಗಟ್ಟಿದ್ದು ಪೆಡಲಿನಲ್ಲಿಯೂ ಹೆಪ್ಪುಗಟ್ಟೀತು ಎಂದು ಅಲ್ಲಿದ್ದ ಒಬ್ಬರಿಗಾದರೂ ಹೊಳೆಯಿತೇ? ವರ್ಷವರ್ಷವೂ ಈ ತಿಂಗಳಲ್ಲಿ ಎಣ್ಣೆಯನ್ನು ಒಲೆಗೆ ಹಿಡಿದೇ ತಲೆಗೆ ಹಚ್ಚಿಕೊಳ್ಳುವ ಜನ ನಾವು. ಕಣ್ಣೆದುರಿಗೆ ಬಾಟಲಿ ಉಂಟು. ಕೈಯಲ್ಲಿ ಬಿರಟೆ ಉಂಟು. ತುಂಬ ಹತ್ತಿರದಲ್ಲಿರುವುದು ಕಾಣುವುದೇ ಇಲ್ಲವೋ ಏನೋ.

ಹೊಯ್ದ ಬಿಸಿಗೆ ಪೆಡಲು ಕ್ಷಣ ಸಡಿಲಾಯಿತು. ಎಲ್ಲರೂ ಹತ್ತಿದೆವು. ಗೇಟು ದಾಟುವುದರೊಳಗೆ ಮತ್ತೆ ಹಿಡಿದುಕೊಂಡಿತು. ಮತ್ತೆ ಒಲೆ, ಮತ್ತೆ ಎಣ್ಣೆ. ಅತ್ತೆ ಇಳಿಯಲಿಲ್ಲ. "ಬೇಗ ಮಾಡು ಮಗಾ," ಎಂದು ಒಂದು ಸಲ ಮಾತ್ರ ಹೇಳಿದರು. ಅವರು ಮಗನನ್ನು ಅಷ್ಟು ಮೆತ್ತಗೆ ಕರೆದದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಕೊನೆಗೆ ಬಿಸಿಲು ಗುಡ್ಡ ದಾಟಿ ಅಂಗಳಕ್ಕೆ ಬಂತು. ಗಾಡಿಯ ತಳ ಕಾಯಿತು. ಪೆಡಲು ಯಾರೂ ಮುಟ್ಟದೆ ತಾನಾಗಿ ಮೇಲೆದ್ದಿತು.

"ನೋಡಿದಿರಾ? ಎಣ್ಣೆ ಈಗ ಹಿಡಿಯಿತು!" ಎಂದರು ಭಾವ. ನಾವು ಮತ್ತೆ ಹತ್ತಿದೆವು.

ಹೊಸಂಗಡಿ ಮುಟ್ಟುವಾಗ ಬಿಸಿಲು ಸುಡುತ್ತಿತ್ತು. ಜಂಕ್ಷನ್ನಿನ ಸೋಡದಂಗಡಿಯ ಬ್ಯಾರಿಯವರನ್ನು ನಾನೇ ಇಳಿದು ಕೇಳಿದೆ.

"ಬಾಯಾರಿನ ಅಮ್ಮ ಅಲ್ಲವಾ? ಇದೇ ಬೆಂಚಿನಲ್ಲಿ ಕೂತಿದ್ದರು. ಮಗ ಸ್ಟೇಷನ್ನಿನಿಂದ ಎರಡು ಸಲ ಕರೆಯಲಿಕ್ಕೆ ಬಂದ. 'ಇನ್ನು ಸ್ವಲ್ಪ ನೋಡುವ, ಇನ್ನು ಸ್ವಲ್ಪ' ಅಂತ ಹೇಳಿದರು. ಮತ್ತೆ ಅವ ಕೈ ಹಿಡಿದು ಎಬ್ಬಿಸಿದ. ಎಂತ ಮಾಡುವುದು ಮಾರಾಯ್ರೆ, ರೈಲು ಕೇಳುತ್ತದಾ?"

ಅತ್ತೆಗೆ ಎಲ್ಲವೂ ಕೇಳಿಸಿತು. ಇಳಿದು ಬಂದು ಬೆಂಚಿನ ಒಂದು ತುದಿಯಲ್ಲಿ ಕೂತರು. ಸೋಡ ಬೇಡವೆಂದರು. ಇನ್ನೊಂದು ತುದಿಯಲ್ಲಿ ಯಾರೋ ಕೂರಲು ಬಂದಾಗ ಹಪ್ಪಳದ ಗಂಟನ್ನು ಅಲ್ಲಿಟ್ಟರು.

ಸಂಜೆ ಮನೆಗೆ ಮರಳುವ ದಾರಿಯಲ್ಲಿ ನಾನು ಸಮಾಧಾನ ಹೇಳಲು ಹೋದೆ. "ಒಂದು ಕಾಗದ ಬರೆಯುವ ಅತ್ತೆ. ನಾನೇ ಬರೆದುಕೊಡುತ್ತೇನೆ."

"ನೀವು ಬರೆಯುವುದು. ಅಲ್ಲಿ ಇನ್ಯಾರೋ ಓದಿ ಹೇಳುವುದು. ಕಂಡವರ ಬಾಯಿಯಿಂದಲೇ ಅಲ್ಲವಾ ಇಷ್ಟೆಲ್ಲ ಆದದ್ದು?"

ಭಾವ ಆಮೇಲೆ ಕಾಸರಗೋಡಿಗೆ ಹೋಗಿ ಪೆಡಲು ಕಳಚಿಸಿ, ಸೀಮೆಎಣ್ಣೆಯಲ್ಲಿ ತೊಳೆಸಿ, ಗ್ರೀಸು ಹಾಕಿಸಿಕೊಂಡು ಬಂದರು. ಅರ್ಧ ಗಂಟೆಯ ಕೆಲಸ. ಈಗ ಚಳಿಯಲ್ಲೂ ಚೆನ್ನಾಗಿ ಇಳಿಯುತ್ತದೆ, ಏಳುತ್ತದೆ. ಎಲ್ಲಿಗಾದರೂ ಹೋಗುವುದಾದರೆ ಹೇಳಿ ಎಂದು ಅತ್ತೆಯನ್ನು ದಿನಾ ಕೇಳುತ್ತಾರೆ.

ದೊಡ್ಡಮ್ಮ ಬೊಂಬಾಯಿಯಲ್ಲಿದ್ದಾರೆ. ಅತ್ತೆ ದೇಲಂಪಾಡಿಯಲ್ಲಿದ್ದಾರೆ.