ಖಾಲಿ ತೊಟ್ಟಿಲ ಪಾಠ

ಬೆಳಿಗ್ಗೆ ಅಟ್ಟದಿಂದ ತೊಟ್ಟಿಲು ಇಳಿಸುವಾಗ ಅದರ ಸರಪಳಿ ಕಿರ್ರೆಂದಿತು. ನನ್ನ ಎದೆ ಧಸಕ್ಕೆಂದಿತು. ನಗಬೇಡಿ. ಹರಿಹರದ ಹೈಸ್ಕೂಲಿನಲ್ಲಿ ಇತಿಹಾಸ ಹೇಳಿಕೊಡುವವಳು ನಾನು. ಎಷ್ಟೋ ಯುದ್ಧಗಳನ್ನು ಆಕಳಿಸುತ್ತಲೇ ಮುಗಿಸಿದ್ದೇನೆ. ಆದರೆ ಈ ಸದ್ದಿಗೆ ಮಾತ್ರ ಕೈಕಾಲು ತಣ್ಣಗಾಗುತ್ತವೆ.

ಕೆಲವು ವರ್ಷಗಳ ಹಿಂದಿನ ಮಾತು. ಹತ್ತೊಂಬತ್ತನೆಯ ಶತಮಾನದ ಕುಟುಂಬ ಜೀವನದ ಪಾಠ ಎಂದರೆ ಮಕ್ಕಳಿಗೆ ನಿದ್ದೆ. ಎಬ್ಬಿಸಬೇಕೆಂದು ನಮ್ಮ ಮನೆಯ ಹಳೆಯ ತೊಟ್ಟಿಲನ್ನೇ ಒಯ್ಯಲು ಹೊರಟೆ. ಆ ಕಾಲದಲ್ಲಿ ಈ ಮನೆಗೆ ಸೊಸೆಯಾಗಿ ಬಂದವಳೊಬ್ಬಳು ಇದರಲ್ಲಿ ಎಂಟು ಮಕ್ಕಳನ್ನು ತೂಗಿದ್ದಳಂತೆ. ಉಳಿದದ್ದು ಮೂರು. ಹೆರಿಗೆಗೆಂದು ಬಂದಿದ್ದ ನನ್ನ ಮಗಳು, ಎಂಟು ತಿಂಗಳ ಬಸುರಿ, ಬಾಗಿಲಲ್ಲಿ ನಿಂತು, "ಅಮ್ಮಾ, ಈಗ ಅದನ್ನ ಯಾಕ ಇಳಿಸ್ತಿ?" ಎಂದಳು. "ಪಾಠಕ್ಕವ್ವ" ಎಂದೆ. ಪಾಠದ ಹುಚ್ಚು ಹಿಡಿದರೆ ನನಗೆ ಕಿವಿ ಕೇಳಿಸುವುದಿಲ್ಲ.

ಬಸ್ಸಿನಲ್ಲಿ ಕಂಡಕ್ಟರ್ ತಮಾಷೆ ಮಾಡಿದ: "ಅಕ್ಕಾರ, ತೊಟ್ಟಿಲೇನೋ ಐತೆ, ಕೂಸೆಲ್ಲಿ?" ಬಸ್ಸೆಲ್ಲ ನಕ್ಕಿತು. ನಾನೂ ನಕ್ಕೆ.

ಶಾಲೆಯ ವರಾಂಡದ ತೊಲೆಗೆ ತೊಟ್ಟಿಲು ಕಟ್ಟಿಸಿ, ಎಂಟು ಹೆತ್ತು ಮೂರು ಉಳಿದ ಲೆಕ್ಕವನ್ನು ಮಗ್ಗಿಯಂತೆ ಒಪ್ಪಿಸಿದೆ. ಹೇಳುತ್ತಾ ಹೇಳುತ್ತಾ ಕೈ ತಾನಾಗಿ ತೊಟ್ಟಿಲು ತೂಗಿತು. ಮುಂದೆ ಕೂತಿದ್ದ ಶಬಾನಾ ಎದ್ದು ನಿಂತಳು.

"ಬ್ಯಾಡ ಮಿಸ್, ಖಾಲಿ ತೊಟ್ಟಿಲು ತೂಗಬಾರದು. ನಮ್ ದಾದಿ ಬೈತಾರೆ."

"ನಮ್ಮಜ್ಜಿನೂ ಬೈತಾಳ್ರಿ ಮಿಸ್" ಎಂದು ಕೊಂಡಜ್ಜಿ ಊರಿನ ಕಡೆಯ ಹುಡುಗಿಯೊಬ್ಬಳು ದನಿಗೂಡಿಸಿದಳು.

"ನೋಡಿ, ಇಂಥ ಮೂಢನಂಬಿಕೆಗಳೂ ಆಗಿನ ಕುಟುಂಬದಲ್ಲಿ ಇದ್ದವು" ಎಂದು ಇನ್ನೂ ಜೋರಾಗಿ ತೂಗಿದೆ. ಕಿರ್ರ್, ಕಿರ್ರ್.

ಊಟದ ಬಿಡುವಿಗೆ ಮುಂಚೆ ಮನೆಯವರ ಫೋನು. "ಮಗಳಿಗೆ ಬಿಪಿ ಏರೈತೆ. ಈಗ್ಲೇ ಆಪರೇಷನ್ ಮಾಡ್ಬೇಕಂತೆ. ದಾವಣಗೆರೆ ಪಿ.ಜೆ. ಬಡಾವಣೆ ಆಸ್ಪತ್ರೆಗೆ ಸೀದಾ ಬಂದ್ಬಿಡು." ನಾನು ತೊಟ್ಟಿಲನ್ನು ನೋಡುತ್ತಾ ನಿಂತುಬಿಟ್ಟೆ. ಶಬಾನಾ ತನ್ನ ಪುಸ್ತಕದ ಚೀಲವನ್ನು ತಂದು ಮೆತ್ತಗೆ ಅದರೊಳಗೆ ಮಲಗಿಸಿದಳು. "ನೀವು ಹೋಗ್ರಿ ಮಿಸ್. ಖಾಲಿ ಇಡಲ್ಲ ನಾವು."

ದಾವಣಗೆರೆ ಅಷ್ಟು ದೂರ ಎಂದು ಅವತ್ತೇ ಗೊತ್ತಾದದ್ದು. ಬಸ್ಸು ನಿಂತಲ್ಲೆಲ್ಲ "ಕೂಸೆಲ್ಲಿ?" ಎಂದು ಯಾರೋ ಕೇಳಿದ ಹಾಗೆ. ಹೆರಿಗೆ ಎಂದರೆ ಹೆಣ್ಣಿಗೆ ಮರುಜನ್ಮ ಎನ್ನುತ್ತಾರೆ. ಮರುಜನ್ಮವಾದರೆ ನಡುವೆ ಒಂದು ಸಾವೂ ಇರಬೇಕಲ್ಲ! ನಾನು ಹರಕೆ ಹೊತ್ತೆ. ಹರಿಹರೇಶ್ವರನಿಗೂ ಹೊತ್ತೆ, ದಾರಿಯಲ್ಲಿ ಕಂಡ ದರ್ಗಾಕ್ಕೂ ಹೊತ್ತೆ. ಎಂಟು ಹೆತ್ತವಳು ಈ ಭಯವನ್ನು ಎಂಟು ಸಲ ನುಂಗಿದ್ದಳು. ಅದನ್ನೇ ನಾನು ಮಗ್ಗಿ ಹೇಳಿದ ಹಾಗೆ ಹೇಳಿ ಬಂದಿದ್ದೆ.

ಮಗಳು ಉಳಿದಳು. ಮೊಮ್ಮಗಳು ಹಿಡಿಯಷ್ಟಿದ್ದಳು, ಎಷ್ಟೋ ದಿನ ಗಾಜಿನ ಪೆಟ್ಟಿಗೆಯಲ್ಲಿದ್ದು ಅವಳೂ ಗೆದ್ದು ಬಂದಳು. ತೊಟ್ಟಿಲಿಗೆ ಹಾಕುವ ದಿನ ಪದ್ಧತಿಯಂತೆ ಮೊದಲು ಗುಂಡುಕಲ್ಲನ್ನು ಬಟ್ಟೆಯಲ್ಲಿ ಸುತ್ತಿ ಮಲಗಿಸಿದಾಗ ನಾನು ವಿಚಾರವಾದದ ಒಂದು ಮಾತನ್ನೂ ಆಡಲಿಲ್ಲ.

ಇವತ್ತು ಮತ್ತೆ ಅದೇ ಪಾಠ. ಮೊಮ್ಮಗಳು ಓಡಿ ಬಂದು ತೊಟ್ಟಿಲಿಗೆ ಕೈ ಹಾಕಿದಳು. "ತಡಿ!" ಎಂದು ಕಿರುಚಿದೆ. ಅಡುಗೆಮನೆಯಿಂದ ಗುಂಡುಕಲ್ಲು ತಂದು, ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ಒಳಗಿಟ್ಟೆ. "ಈಗ ತೂಗವ್ವ."

ತೂಗುತ್ತಾ ಕೇಳಿದಳು: "ಅಜ್ಜಿ, ಪಾಪು ಬಿಟ್ಟು ಕಲ್ಲನ್ನ ಯಾಕ ಮಲಗಿಸ್ತಾರೆ?"

ಕಲ್ಲು ಸಾಯುವುದಿಲ್ಲ, ಅದಕ್ಕೆ. ಮನಸ್ಸಿನಲ್ಲೇ ಹೇಳಿಕೊಂಡು ಅವಳ ತಲೆ ಸವರಿದೆ. ಬಸ್ಸಿಗೆ ಹೊತ್ತಾಯಿತು. ಈ ವರ್ಷ ತರಗತಿಯಲ್ಲಿ ಪಾಠವನ್ನು ಅವಳ ಈ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ.