ಟಿನ್ ಫ್ಯಾಕ್ಟರಿ ಜಾಮ್‌ನಲ್ಲಿ ಅಪ್ಪನ ಎಡಗಾಲು

ಫ್ರೆಂಡ್ಸ್, ಇವತ್ತು ಬೆಂಗಳೂರಿನ ಟಿನ್ ಫ್ಯಾಕ್ಟರಿ ಜಾಮ್‌ನಲ್ಲಿ ನಮ್ಮ ಹೊಸ ಡೀಸೆಲ್ ಕಾರು ಮುಕ್ಕಾಲು ಗಂಟೆ ತೆವಳಿತು. ಪ್ರತಿ ಸಲ ಕ್ಲಚ್ ಒತ್ತುವಾಗಲೂ ಅಪ್ಪ ಎಡ ಮಂಡಿಯನ್ನು ಕೈಯಿಂದ ಅದುಮುತ್ತಿದ್ದರು.

"ನೋವಾ ಅಪ್ಪಾ?" ಎಂದೆ.

"ಕಾಲು ಮಾತೇ ಕೇಳ್ತಿಲ್ಲ ಕಣೋ. ಅದಕ್ಕೇ ಅವತ್ತು ಪೆಟ್ರೋಲ್ ಆದ್ರೂ ಸರಿ, ಕ್ಲಚ್ಚೇ ಇಲ್ದಿರೋ ಆಟೋಮ್ಯಾಟಿಕ್ ತಗೊಳ್ಳೋಣ ಅಂದಿದ್ದು."

"ಮಂಡಿ ನೋವು ಅಂತ ಯಾಕೆ ಹೇಳ್ಲಿಲ್ಲ?"

"ಶೋರೂಮಲ್ಲಿ ಎಲ್ರ ಮುಂದೆ, 'ಆಟೋಮ್ಯಾಟಿಕ್ ಮುದುಕ್ರಿಗೆ' ಅಂದ್ಬಿಟ್ಟೆ ನೀನು. ಆಮೇಲೆ ಏನಂತ ಹೇಳ್ಲಿ?"

ಹಿಂದಿನ ಬಸ್ಸಿನವನು ಹಾರ್ನ್ ಹೊಡೆದ. ಅಪ್ಪ ಮತ್ತೆ ಮಂಡಿ ಅದುಮಿದರು.

ಮ್ಯಾನುಯಲ್ಲೇ ನಿಜವಾದ ಡ್ರೈವಿಂಗ್ ಎಂದು ಈ ಕಾರ್ ಫೋರಂನಲ್ಲಿ ನಿಮ್ಮ ಜೊತೆ ರಾತ್ರಿಹಗಲು ಜಗಳವಾಡಿದ ನಾನು ಪಕ್ಕದ ಸೀಟಿನಲ್ಲಿ ಕೂತಿದ್ದೆ. "ಬಿಡಪ್ಪಾ, ನಾನು ಓಡಿಸ್ತೀನಿ" ಎನ್ನೋಣವೆಂದರೆ ನನಗಿನ್ನೂ ಲೈಸೆನ್ಸೇ ಇಲ್ಲ.