ಮುನಿರತ್ನಮ್ಮನವರ ಹಂದಿ ರೂಪಾಯಿ

ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಹಗಲೆಲ್ಲ ಮಗ್ಗಗಳ ಸದ್ದು. ಹೊಸದಾಗಿ ಬಂದವರಿಗೆ ಪಕ್ಕದಲ್ಲಿ ನಿಂತವರ ಮಾತೂ ಕೇಳಿಸುವುದಿಲ್ಲ. ಬೀದಿಯ ಕೊನೆಯ ಮಗ್ಗದ ಮನೆಯಲ್ಲಿ ಮುನಿರತ್ನಮ್ಮನವರು ಹದಿನೇಳು ವರ್ಷಗಳಿಂದ ಸೀರೆಯ ತಪ್ಪು ನೋಡುವ ಕೆಲಸ ಮಾಡುತ್ತಿದ್ದಾರೆ. ನೇಯ್ದ ಪ್ರತಿಯೊಂದು ಸೀರೆಯೂ ಅಂಗಡಿಗೆ ಹೋಗುವ ಮೊದಲು ಅವರ ಮೇಜಿನ ಮೇಲೆ ಬಿಚ್ಚಿಕೊಳ್ಳಬೇಕು. ಅವರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಾರೆ, ಅಂಗೈಯಲ್ಲಿ ಸವರುತ್ತಾರೆ, ಎಳೆ ತಪ್ಪಿದ ಜಾಗಕ್ಕೆ ಒಂದು ದಾರ ಕಟ್ಟಿ ಪಕ್ಕಕ್ಕಿಡುತ್ತಾರೆ. ನೇಯುವವರು ಬೈದುಕೊಂಡರೂ ದಾರ ಬಿಚ್ಚುವುದಿಲ್ಲ.

ಅವರ ತವರು ಸಾಸಲು. ಓದಿದ್ದು ಏಳನೆಯ ತರಗತಿಯವರೆಗೆ. ಲಾಕ್‌ಡೌನಿನಲ್ಲಿ ಮಗ್ಗಗಳು ನಿಂತಾಗ ಮೊಬೈಲಿನಲ್ಲಿ ಹಳೆಯ ನಾಣ್ಯಗಳ ವಿಡಿಯೋ ನೋಡುವ ಅಭ್ಯಾಸವಾಯಿತು. ಮೊದಲು ತರಿಸಿದ್ದು ಚೌಕಾಕಾರದ ಒಂದು ಎರಡಾಣೆ. ಆಮೇಲೆ ತೂತಿನ ಕಾಸು, ಆಮೇಲೆ ಕಾಲು ರೂಪಾಯಿ. ಎರಡು ತಿಂಗಳಿಗೆ ಒಂದೇ ನಾಣ್ಯ ಎಂದು ತಮಗೆ ತಾವೇ ನಿಯಮ ಹಾಕಿಕೊಂಡಿದ್ದರು. ವಾಟ್ಸಾಪಿನಲ್ಲಿ ನಾಣ್ಯ ಸಂಗ್ರಹಿಸುವವರ ಒಂದು ಗುಂಪಿಗೂ ಸೇರಿಕೊಂಡರು. ಇನ್ನೂರಕ್ಕೂ ಹೆಚ್ಚು ಜನ ಇದ್ದ ಆ ಗುಂಪಿನಲ್ಲಿ ಹೆಂಗಸರು ಇವರೊಬ್ಬರೇ. ಗುಂಪನ್ನು ನೋಡಿಕೊಳ್ಳುತ್ತಿದ್ದವರು ನೆಲಮಂಗಲದ ನಿವೃತ್ತ ಮೇಷ್ಟ್ರು ವೇಣುಗೋಪಾಲ್.

ಗಂಡ ಸಿದ್ದರಾಜು ತಡೆಯಲಿಲ್ಲ, ಆದರೆ ಬಂದವರ ಎದುರಿಗೆಲ್ಲ ಒಂದೇ ಮಾತು ಹೇಳುತ್ತಿದ್ದರು: "ಓಡೋ ದುಡ್ಡು ಕೊಟ್ಟು ಓಡದೇ ಇರೋ ದುಡ್ಡು ತರಿಸ್ತಾಳೆ ನಮ್ಮನೆಯವ್ಳು."

ಮುನಿರತ್ನಮ್ಮನವರಿಗೆ ತುಂಬಾ ಆಸೆ ಇದ್ದದ್ದು ೧೯೧೧ರ ಬೆಳ್ಳಿ ರೂಪಾಯಿಯ ಮೇಲೆ. ಅದರಲ್ಲಿ ಇಂಗ್ಲೆಂಡಿನ ದೊರೆಯ ನಿಲುವಂಗಿಯ ಮೇಲೆ ಆನೆಯ ಚಿತ್ರವಿದೆ. ಸೊಂಡಿಲು ಗಿಡ್ಡವಾಗಿ, ನೋಡುವುದಕ್ಕೆ ಹಂದಿಯ ಹಾಗೆ ಕಾಣುತ್ತದೆ. ಜನ ಬೇಸರಪಟ್ಟುಕೊಂಡರೆಂದು ಮುಂದಿನ ವರ್ಷ ಚಿತ್ರ ತಿದ್ದಿದರು. ಹಾಗಾಗಿ ಸಂಗ್ರಹಕಾರರು ಅದನ್ನು ಹಂದಿ ರೂಪಾಯಿ ಎನ್ನುತ್ತಾರೆ. ಇಷ್ಟು ದೊಡ್ಡ ಕೆಲಸದಲ್ಲಿ ಇಷ್ಟು ಚಿಕ್ಕ ತಪ್ಪು ಯಾರ ಕಣ್ಣಿಗೂ ಬೀಳದೆ ಹೇಗೆ ಹೊರಗೆ ಹೋಯಿತು ಎಂಬುದೇ ಅವರಿಗೆ ಸೋಜಿಗ. ಎಂಟು ತಿಂಗಳು ಬೇರೇನೂ ಕೊಳ್ಳದೆ, ಅದೇ ಗುಂಪಿನಲ್ಲಿದ್ದ ದೇವೇಂದ್ರ ಎಂಬ ಆನ್‌ಲೈನ್ ವ್ಯಾಪಾರಿಗೆ ದುಡ್ಡು ಕಳಿಸಿದರು. ಅಸಲಿ ಅಲ್ಲದಿದ್ದರೆ ಏಳು ದಿನದೊಳಗೆ ವಾಪಸ್ ತೆಗೆದುಕೊಳ್ಳುತ್ತೇನೆ ಎಂದು ಆತ ಬರೆದುಕೊಟ್ಟಿದ್ದ.

ಕೊರಿಯರ್ ಬಂದದ್ದು ಶುಕ್ರವಾರ ಮಧ್ಯಾಹ್ನ, ಅವರು ಕೆಲಸದಲ್ಲಿದ್ದಾಗ. ಅತ್ತೆ ಸೊಣ್ಣಮ್ಮ ಸಹಿ ಹಾಕಿ ತೆಗೆದುಕೊಂಡರು. ಒಡೆದು ನೋಡಿದರೆ ಬೆಳ್ಳಿ. ಆ ಮನೆಯಲ್ಲಿ ಬೆಳ್ಳಿ ಹೊಸದಾಗಿ ಬಂದರೆ ಮೊದಲು ದೇವರ ಮುಂದೆ ಇಡಬೇಕು. ಸೊಣ್ಣಮ್ಮ ದೀಪದ ಕಂಬಗಳ ಜೊತೆಗೆ ಅದನ್ನೂ ಹುಣಸೆಹಣ್ಣು ಉಪ್ಪು ಹಾಕಿ ತಿಕ್ಕಿ, ತೊಳೆದು, ಕುಂಕುಮ ಇಟ್ಟು ಲಕ್ಷ್ಮಿಯ ಪಟದ ಕೆಳಗೆ ಇಟ್ಟರು. ಹಳೆಯ ನಾಣ್ಯವನ್ನು ತೊಳೆಯಬಾರದು, ತೊಳೆದರೆ ಅದರ ಬೆಲೆಯೇ ಹೋಗುತ್ತದೆ. ಇದು ಸಂಗ್ರಹಕಾರರು ಕಲಿಯುವ ಮೊದಲ ಪಾಠ. ಅತ್ತೆಗೆ ಅದನ್ನು ಯಾರೂ ಹೇಳಿರಲಿಲ್ಲ.

ಸಂಜೆ ಬಂದು ನೋಡಿದ ಸೊಸೆಯ ಮುಖ ನೋಡಿ ಸೊಣ್ಣಮ್ಮ ಹೇಳಿದ್ದು ಇಷ್ಟು: "ಯಾವ್ ದೊರೆ ಆದ್ರೇನವ್ವ, ದೇವ್ರ ಮನೆಗೆ ಬಂದ್ಮೇಲೆ ಸ್ನಾನ ಆಗ್ಬೇಕು."

ಮುನಿರತ್ನಮ್ಮನವರು ಅತ್ತೆಯ ಮೇಲೆ ಸಿಟ್ಟು ಮಾಡಲಿಲ್ಲ. ನಾಣ್ಯವನ್ನು ಬೆಳಕಿಗೆ ಹಿಡಿದರು. ಅಂಚಿನಲ್ಲಿ ಬಿಳುಪು ಹೋಗಿ ಹಳದಿ ಇಣುಕುತ್ತಿತ್ತು. ಬೆಳ್ಳಿ ತಿಕ್ಕಿದರೆ ಹೊಳೆಯುತ್ತದೆ, ಹಳದಿಯಾಗುವುದಿಲ್ಲ. ಇದು ಮೇಲೆ ಬಳಿದ ಬಿಳುಪು.

ಮರುದಿನ ದೇವೇಂದ್ರನಿಗೆ ಫೋಟೋ ಕಳಿಸಿ, ನಕಲಿ ಎಂದು ಬರೆದರು. ಪೊಟ್ಟಣ ಒಡೆಯುವಾಗಿನ ವಿಡಿಯೋ ಕಳಿಸಿ ಎಂದು ಆತ ಕೇಳಿದ. ವಿಡಿಯೋ ಇರಲಿಲ್ಲ. ತೊಳೆದದ್ದನ್ನೂ ಇವರು ಮುಚ್ಚಿಡದೆ ಹೇಳಿದರು. ಅದನ್ನೇ ಹಿಡಿದುಕೊಂಡು ಆತ ಗುಂಪಿನಲ್ಲಿ ಎಲ್ಲರೂ ಓದುವ ಹಾಗೆ ಹಾಕಿದ: "ದೊಡ್ಡಬಳ್ಳಾಪುರದ ಮುನಿರತ್ನಮ್ಮ ಮೇಡಂ ನಾನು ಕಳ್ಸಿದ ಅಸಲಿ ಇಟ್ಕೊಂಡು ಯಾವ್ದೋ ನಕಲಿ ತೋರಿಸ್ತಾ ಇದಾರೆ. ಇಂಥೋರ ಹತ್ರ ಹುಷಾರು."

ಕೆಲವರು ಅದಕ್ಕೆ ಹೆಬ್ಬೆಟ್ಟು ಒತ್ತಿದರು. ಸಿದ್ದರಾಜು ಈ ಸಲ ತಮಾಷೆ ಮಾಡಲಿಲ್ಲ. ದುಡ್ಡು ಹೋದರೆ ಹೋಗಲಿ, ಗುಂಪು ಬಿಟ್ಟುಬಿಡು ಎಂದರು. ಬಿಟ್ಟರೆ ಆತ ಹೇಳಿದ್ದೇ ನಿಜವೆಂದು ಆಗುತ್ತದೆ ಎಂದು ಮುನಿರತ್ನಮ್ಮನವರು ಉತ್ತರ ಕೊಟ್ಟರಂತೆ. "ನಾನು ಕಳ್ಳಿ ಅಲ್ಲ ಅಂತ ಅವ್ನೇ ಬರೀಬೇಕು. ಆಮೇಲೆ ಬೇಕಾದ್ರೆ ಬಿಡ್ತೀನಿ."

ಆದರೆ ಕೈಯಲ್ಲಿ ಸಾಕ್ಷಿ ಇಲ್ಲ. ಎರಡು ದಿನ ಯೋಚನೆ ಮಾಡಿದರು. ಮೂರನೆಯ ದಿನ ಕರೆಂಟ್ ಹೋಗಿ ಮಗ್ಗಗಳು ನಿಂತಿದ್ದ ಹೊತ್ತಿನಲ್ಲಿ, ಮೇಜಿನ ಮೇಲಿದ್ದ ಎರಡು ಸೀರೆಗಳಲ್ಲಿ ಒಂದೇ ಹೂವಿನ ಒಂದೇ ದಳ ಅರ್ಧಕ್ಕೆ ನಿಂತದ್ದು ಕಂಡಿತು. ಇಂಥದ್ದು ಅವರಿಗೆ ಹೊಸದಲ್ಲ. ಒಂದು ಸೀರೆಯಲ್ಲಿ ಮಾತ್ರ ಇರುವ ತಪ್ಪು ನೇಯುವವರ ಕೈಯಿಂದ ಆದದ್ದು. ಎಲ್ಲ ಸೀರೆಯಲ್ಲೂ ಅದೇ ಜಾಗಕ್ಕೆ ಬರುವ ತಪ್ಪು, ಹೂವು ಮೂಡಿಸುವುದಕ್ಕೆ ಮಗ್ಗದ ಮೇಲೆ ಹಾಕುವ ತೂತಿನ ರಟ್ಟಿನದು. ನೇಯುವವರನ್ನು ಬಯ್ಯದೆ ರಟ್ಟನ್ನು ಇಳಿಸಿ ನೋಡಬೇಕು.

ಅವರು ಸೀರೆಯನ್ನು ಹಾಗೇ ಬಿಟ್ಟು ಪರ್ಸಿನಿಂದ ನಾಣ್ಯ ತೆಗೆದರು. ದಾರದ ಎಳೆ ಎಣಿಸುವ ಪುಟ್ಟ ಭೂತಗನ್ನಡಿಯನ್ನು ಅದರ ಮೇಲೆ ಇಟ್ಟರು. ದೊರೆಯ ಗಡ್ಡದ ಕೆಳಗೆ ನುಚ್ಚಕ್ಕಿಯಷ್ಟು ಒಂದು ಪೆಟ್ಟಿನ ಗುರುತು. ಎಲ್ಲೋ ಬಿದ್ದು ತಗ್ಗಾದ ಹಾಗೆ. ಬಿದ್ದು ಆಗುವ ಪೆಟ್ಟು ಎರಡು ನಾಣ್ಯಕ್ಕೆ ಒಂದೇ ಜಾಗದಲ್ಲಿ ಆಗುವುದಿಲ್ಲ. ಪೆಟ್ಟು ಬಿದ್ದ ಒಂದು ನಾಣ್ಯದಿಂದ ಅಚ್ಚು ತೆಗೆದು ಎರಕ ಹೊಯ್ದರೆ ಮಾತ್ರ ಎಲ್ಲಕ್ಕೂ ಅದೇ ಪೆಟ್ಟು ಬರುತ್ತದೆ.

ದೇವೇಂದ್ರ ಹಿಂದೆ ಮಾರಿದ ಹಂದಿ ರೂಪಾಯಿಗಳ ಫೋಟೋ ಗುಂಪಿನಲ್ಲೇ ಇದ್ದವು. ಒಂದೊಂದನ್ನೂ ದೊಡ್ಡದು ಮಾಡಿ ನೋಡಿದರು. ಎರಡರಲ್ಲಿ ಗಡ್ಡದ ಕೆಳಗೆ ಅದೇ ಗುರುತು. ಒಂದೇ ನಾಣ್ಯದ ಫೋಟೋ ಎರಡು ಸಲ ಹಾಕಿದ್ದೆ ಎಂದು ಆತ ಹೇಳಬಹುದು. ಹಾಗಾಗಿ ಅವರು ಅವಸರ ಮಾಡಲಿಲ್ಲ. ಆ ಫೋಟೋಗಳ ಕೆಳಗೆ 'ನಾಣ್ಯ ಬಂತು' ಎಂದು ಬರೆದಿದ್ದ ಇಬ್ಬರನ್ನು ಹುಡುಕಿ, ನಿಮ್ಮ ನಾಣ್ಯವನ್ನು ಅಂಗೈಯಲ್ಲಿಟ್ಟು ಒಂದು ಫೋಟೋ ತೆಗೆದು ಕಳಿಸಿ ಎಂದು ಕೇಳಿಕೊಂಡರು. ಪರಿಚಯವಿಲ್ಲದ ಗಂಡಸರಿಗೆ ಹೀಗೆ ಬರೆಯುವುದಕ್ಕೆ ಮುಜುಗರವಾಯಿತು, ನಾಲ್ಕು ಸಲ ಅಳಿಸಿ ಬರೆದೆ ಎಂದು ಅವರೇ ಹೇಳಿದ್ದಾರೆ.

ಹೊಸಕೋಟೆಯಲ್ಲಿ ತರಕಾರಿ ಮಂಡಿ ಇಟ್ಟಿರುವ ಪಿಳ್ಳಪ್ಪ ಸಂಜೆಯೇ ಕಳಿಸಿದರು. ಇನ್ನೊಬ್ಬರು ಮರುದಿನ ಕಳಿಸಿದರು. ಒರಟು ಅಂಗೈ ಒಂದು, ಉಂಗುರದ ಬೆರಳುಗಳ ಅಂಗೈ ಒಂದು, ಮುನಿರತ್ನಮ್ಮನವರದು ಒಂದು. ಮೂರರಲ್ಲೂ ಗಡ್ಡದ ಕೆಳಗೆ ಅದೇ ನುಚ್ಚಕ್ಕಿ. ವಿಷಯ ತಿಳಿದ ಪಿಳ್ಳಪ್ಪ ಫೋನೂ ಮಾಡಿದರು.

"ಏನಮ್ಮಾ ಇದು, ನಾನು ಮೂರ್ ವರ್ಷದಿಂದ ಬೀರುನಲ್ಲಿಟ್ಟು ಬೀಗ ಹಾಕಿದ್ದೀನಲ್ಲ!"

"ಬೀಗ ಹಾಕ್ಬಿಟ್ರೆ ಹಿತ್ತಾಳೆ ಬೆಳ್ಳಿ ಆಗಲ್ಲ ಅಣ್ಣ."

ಮೂರು ಫೋಟೋಗಳನ್ನೂ ಸಾಲಾಗಿ ಗುಂಪಿಗೆ ಹಾಕಿದರು. ಕೆಳಗೆ ಬಯ್ಗುಳವಿಲ್ಲ. ಗುರುತು ಎಲ್ಲಿದೆ, ಒಂದೇ ಜಾಗಕ್ಕೆ ಏಕೆ ಬಂತು ಎಂದಷ್ಟೇ ಬರೆದರು. ಆಮೇಲೆ ಒಬ್ಬೊಬ್ಬರೇ ತಮ್ಮ ತಮ್ಮ ನಾಣ್ಯ ತೆಗೆದು ನೋಡತೊಡಗಿದರು.

ದೇವೇಂದ್ರ ಫೋನ್ ಮಾಡಿದ. ಧ್ವನಿ ಬದಲಾಗಿತ್ತು. "ಅಕ್ಕಾ, ನಿಮ್ ದುಡ್ಡು ಹಾಕ್ಬಿಡ್ತೀನಿ. ನಾಣ್ಯ ವಾಪಸ್ ಕಳ್ಸಿ, ಆ ಫೋಟೋ ತೆಗ್ದುಬಿಡಿ."

"ದುಡ್ಡು ಆಮೇಲೆ. ನನ್ ಹೆಸರು ಹಾಕಿ ಬರ್ದಿದ್ದೆ ತಾನೆ, ಅಲ್ಲೇ ನನ್ ಹೆಸರು ಹಾಕಿ ಬರಿ."

ಆತ ಗುಂಪಿನಲ್ಲಿ, ಏನೋ ತಪ್ಪು ತಿಳುವಳಿಕೆ ಆಗಿದೆ, ಎಲ್ಲ ಸರಿಹೋಗಿದೆ ಎಂದು ಬರೆದ. ಮುನಿರತ್ನಮ್ಮನವರು ಎರಡು ಸಲ ಓದಿದರು. ತಮ್ಮ ಹೆಸರಿಲ್ಲ, ನಾಣ್ಯ ಬದಲಿಸಿಲ್ಲ ಎಂಬ ಮಾತಿಲ್ಲ. ಇದು ಸಾಲದು, ಇನ್ನೊಂದು ಸಲ ಬರೆ ಎಂದು ವಾಪಸ್ ಕಳಿಸಿದರು. ವೇಣುಗೋಪಾಲ್ ಮೇಷ್ಟ್ರೂ, ಹಾಗೆ ಬರೆಯದಿದ್ದರೆ ಗುಂಪಿನಲ್ಲಿ ವ್ಯಾಪಾರ ಮಾಡಬೇಡ, ನಾಣ್ಯ ವಾಪಸ್ ಬರುವ ಮೊದಲೇ ದುಡ್ಡನ್ನೂ ಕೊಡಬೇಕು ಎಂದು ಹೇಳಿದರು. ಮರುದಿನ ಬೆಳಿಗ್ಗೆ ಎರಡನೆಯದು ಬಂತು: ದೊಡ್ಡಬಳ್ಳಾಪುರದ ಮುನಿರತ್ನಮ್ಮನವರು ನಾಣ್ಯ ಬದಲಿಸಿಲ್ಲ, ನಾನು ಕಳಿಸಿದ್ದೇ ನಕಲಿ. ಈ ಸಲ ಅವರು ಒಪ್ಪಿದರು. ಮಧ್ಯಾಹ್ನ ದುಡ್ಡೂ ಬಂತು. ಅತ್ತೆಗೆ ಆ ಸಾಲನ್ನು ಗಟ್ಟಿಯಾಗಿ ಓದಿ ಹೇಳಿದವರು ಸಿದ್ದರಾಜು.

ಉಳಿದದ್ದು ನಾಣ್ಯ. ವಾಪಸ್ ಕೊಡುವುದು ನ್ಯಾಯ, ಆದರೆ ಹಾಗೇ ಕೊಟ್ಟರೆ ಅದು ಇನ್ನೊಬ್ಬರ ಮನೆಗೆ ಹೋಗುತ್ತದೆ. ಮುನಿರತ್ನಮ್ಮನವರು ಅರ್ಧ ದಿನ ರಜೆ ಹಾಕಿ ಪೇಟೆಯ ಅಕ್ಕಸಾಲಿಗ ಚಲಪತಿಯವರ ಅಂಗಡಿಗೆ ಹೋದರು. ನಡುವಿಗೆ ಸರಿಯಾಗಿ ಎರಡು ತುಂಡು ಮಾಡಿಕೊಡಿ ಎಂದರು. ಚಲಪತಿ ನಾಣ್ಯವನ್ನೂ ಅವರ ಮುಖವನ್ನೂ ನೋಡಿದರು.

"ಯೋಚ್ನೆ ಮಾಡಿದ್ದೀರೇನಮ್ಮ? ಕತ್ತರಿಸಿದ್ಮೇಲೆ ಕೂಡ್ಸಕ್ಕಾಗಲ್ಲ."

"ಕೂಡ್ಸಬಾರ್ದು ಅಂತಾನೇ ಬಂದಿದ್ದೀನಿ."

ಗರಗಸ ಆಡಿತು. ಒಳಗೆ ಪೂರ್ತಿ ಹಳದಿ. ಎರಡು ತುಂಡುಗಳನ್ನೂ ಒಂದೇ ಲಕೋಟೆಗೆ ಹಾಕಿ, ಅಂಟಿಸುವುದನ್ನು ಮೊಬೈಲಿನಲ್ಲಿ ತೆಗೆದುಕೊಂಡು, ಅಂಚೆ ಕಚೇರಿಯಲ್ಲಿ ರಿಜಿಸ್ಟರ್ ಮಾಡಿಸಿ ದೇವೇಂದ್ರನ ವಿಳಾಸಕ್ಕೆ ಕಳಿಸಿದರು. ಆಮೇಲೆ ಗುಂಪಿನಲ್ಲಿ ಒಂದು ಸಾಲು ಹಾಕಿದರು: ಅಸಲಿ ಹಂದಿ ರೂಪಾಯಿ ಯಾರ ಬಳಿಯಾದರೂ ಇದ್ದರೆ ತಿಳಿಸಿ, ನಾನೇ ಬಂದು, ನೋಡಿ, ಕೊಂಡುಕೊಳ್ಳುತ್ತೇನೆ.